ಆಸ್ಪತ್ರೆಯ ಸಿಬ್ಬಂದಿಗೆ ಕೂರುವ ಅನುಮತಿ ಕೊಡಿ: ಮೂವರು ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ ಹಾಗೂ ಕಾರ್ಮಿಕ ಸಚಿವರಿಗೆ,

ಮಾನ್ಯರೇ,

ಬೆಂಗಳೂರಿನ ಆಸ್ಪತ್ರೆಗಳಲ್ಲಿ ನರ್ಸ್‌ಗಳು, ಆಪರೇಷನ್ ಥಿಯೇಟರ್‌ನ ಟೆಕ್ನಿಷಿಯನ್‌ಗಳು, ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು, ಔಷಧ ಕೌಂಟರ್‌ನವರು, ಆಯಾಗಳು, ವಾರ್ಡ್‌ಬಾಯ್‌ಗಳು ಮತ್ತು ಗೇಟಿನ ಕಾವಲುಗಾರರು ತಮ್ಮ ಪಾಳಿಯ ಬಹುಪಾಲು ಹೊತ್ತನ್ನು ನಿಂತೇ ಕಳೆಯುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದಲೇ ಯಾರ ಕಡತದಲ್ಲೂ ಸಮಸ್ಯೆಯಾಗಿ ದಾಖಲಾಗುವುದಿಲ್ಲ. ನಾನು ಕೇಳುತ್ತಿರುವುದು ಮೂರು ಸಂಗತಿಗಳನ್ನು: ನಿಂತು ಮಾಡಬೇಕಾದ ಅಗತ್ಯವಿಲ್ಲದ ಕೆಲಸವನ್ನು ಕೂತು ಮಾಡಲು ಲಿಖಿತ ಅನುಮತಿ, ಕೆಲಸ ನಡೆಯುವ ಜಾಗದಲ್ಲೇ ಆಸನ, ಮತ್ತು ನಿಲ್ಲಲೇಬೇಕಾದ ಕೆಲಸಕ್ಕೆ ಒಂದು ಕಾಲಮಿತಿ.

ಮೂವರಿಗೂ ಒಟ್ಟಿಗೆ ಬರೆಯುವುದಕ್ಕೆ ಕಾರಣವಿದೆ. ಈ ಊರಿನ ಆಸ್ಪತ್ರೆಗಳು ಒಂದೇ ಸೂರಿನಡಿ ಇಲ್ಲ. ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆಗಳು ವೈದ್ಯಕೀಯ ಶಿಕ್ಷಣ ಇಲಾಖೆಯ ಕಡೆಗೆ ಸೇರುತ್ತವೆ, ಮಲ್ಲೇಶ್ವರದ ಕೆ.ಸಿ. ಜನರಲ್ ಮತ್ತು ಜಯನಗರದ ಜನರಲ್ ಆಸ್ಪತ್ರೆ ಆರೋಗ್ಯ ಇಲಾಖೆಗೆ. ನೂರಾರು ಖಾಸಗಿ ಆಸ್ಪತ್ರೆ ಮತ್ತು ನರ್ಸಿಂಗ್ ಹೋಮ್‌ಗಳು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ. ಅಲ್ಲಿ ದುಡಿಯುವ ಹೊರಗುತ್ತಿಗೆ ಸಿಬ್ಬಂದಿಯ ಅಹವಾಲು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ. ಮಾಗಡಿ ರಸ್ತೆಯ ಆರೋಗ್ಯ ಸೌಧಕ್ಕೆ ಅರ್ಜಿ ಕೊಟ್ಟರೆ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಹಿಂಬರಹದೊಂದಿಗೆ ಅದು ಮರಳುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಮೂವರ ವ್ಯಾಪ್ತಿಗೂ ಬರುವ ಈ ಪತ್ರವನ್ನು ಸಾರ್ವಜನಿಕರ ಮುಂದೆಯೇ ಇಡುತ್ತಿದ್ದೇನೆ.

ನಾನು ನಿವೃತ್ತ ಶುಶ್ರೂಷಣಾಧಿಕಾರಿ. ಸಾಮಾನ್ಯ ವಾರ್ಡಿನಲ್ಲೂ ಥಿಯೇಟರ್‌ನಲ್ಲೂ ದುಡಿದವಳು. ನನ್ನ ಸಹೋದ್ಯೋಗಿಗಳಲ್ಲಿ ಕಾಲಿನ ನರ ಉಬ್ಬಿದೆ ಎಂದು ಹೇಳಿಕೊಳ್ಳದವರನ್ನು ಹುಡುಕುವುದು ಕಷ್ಟವಿತ್ತು. ಆದರೆ ಅದನ್ನು ಕೆಲಸದಿಂದ ಬಂದ ತೊಂದರೆ ಎಂದು ಮೇಲಧಿಕಾರಿಗೆ ಬರೆದುಕೊಟ್ಟವರು ಒಬ್ಬರೂ ನನಗೆ ನೆನಪಿಲ್ಲ. ವಯಸ್ಸು, ಹೆರಿಗೆ, ಮೈತೂಕ, ಹೀಗೆ ಕಾರಣ ಯಾವಾಗಲೂ ಅವರವರ ಮೈಯಲ್ಲೇ ಸಿಗುತ್ತಿತ್ತು. ಇವೂ ಕಾರಣಗಳೇ, ಅಲ್ಲಗಳೆಯುವುದಿಲ್ಲ. ಅವುಗಳ ಜೊತೆಗೆ ಇನ್ನೊಂದು ಕಾರಣ ಇದೆ ಎಂಬುದಷ್ಟೇ ನನ್ನ ವಾದ, ಮತ್ತು ಅದೊಂದನ್ನು ಮಾತ್ರ ಸುತ್ತೋಲೆಯೊಂದರಿಂದ ಕಡಿಮೆ ಮಾಡಬಹುದು.

ನಿಂತರೆ ಮೈಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದನ್ನು ಬರಿಯ ಆಯಾಸವೆಂದು ತಿಳಿದವರೇ ಹೆಚ್ಚು. ಪಾದದಿಂದ ಹೃದಯಕ್ಕೆ ಮರಳಬೇಕಾದ ರಕ್ತ ಭೂಮಿಯ ಸೆಳೆತಕ್ಕೆ ಎದುರಾಗಿ ಮೇಲೇರಬೇಕು. ಅದನ್ನು ಮೇಲಕ್ಕೆ ತಳ್ಳುವ ಮುಖ್ಯ ಶಕ್ತಿ ಮೀನಖಂಡದ ಸ್ನಾಯು. ಹೆಜ್ಜೆ ಹಾಕಿದಾಗಲೆಲ್ಲ ಆ ಸ್ನಾಯು ಬಿಗಿದು ಒಳಗಿನ ಅಭಿಧಮನಿಯನ್ನು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ, ನಾವು ಮಾತಿನಲ್ಲಿ ನರವೆನ್ನುವ ನಾಳವನ್ನು, ಒತ್ತುತ್ತದೆ, ರಕ್ತ ಮೇಲಕ್ಕೆ ಸರಿಯುತ್ತದೆ, ಅಭಿಧಮನಿಯೊಳಗಿನ ಸಣ್ಣ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ. ನಡೆಯುತ್ತಿರುವಾಗ ಕಣಕಾಲಿನ ಅಭಿಧಮನಿಯ ಒತ್ತಡ ಸಾಮಾನ್ಯವಾಗಿ ಪಾದರಸದ 30 ಮಿಲಿಮೀಟರಿಗಿಂತ ಕೆಳಗಿಳಿಯುತ್ತದೆ. ಕದಲದೆ ನಿಂತಾಗ ಅದೇ ಒತ್ತಡ 80ರಿಂದ 90ರವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಗಂಟೆಗಟ್ಟಲೆ, ವರ್ಷಗಟ್ಟಲೆ ಹೀಗಾದರೆ ಅಭಿಧಮನಿಯ ಗೋಡೆ ಹಿಗ್ಗುತ್ತದೆ, ಹಿಗ್ಗಿದ ಗೋಡೆಗೆ ಕವಾಟದ ಎಸಳುಗಳು ಸಾಲದಾಗುತ್ತವೆ. ಬಾವಿಗೆ ಇಳಿಬಿಟ್ಟ ಪಂಪಿನ ಫುಟ್‌ವಾಲ್ವ್ ಸೋರಿದರೆ ಮೇಲೆತ್ತಿದ ನೀರು ಹಿಂದಕ್ಕೆ ಇಳಿಯುವಂತೆ ರಕ್ತವೂ ಕೆಳಗಿಳಿದು ಕಾಲಿನಲ್ಲೇ ಮಡುಗಟ್ಟುತ್ತದೆ. ಸಂಜೆಯ ಬಾವು, ರಾತ್ರಿಯ ಸೆಳೆತ, ಚರ್ಮದಡಿ ಹಾವಿನಂತೆ ಸುತ್ತಿಕೊಂಡ ನೀಲಿ ನರಗಳು ಮೊದಲು ಕಾಣಿಸುತ್ತವೆ. ಮುಂದೆ ಕಣಕಾಲಿನ ಸುತ್ತ ಚರ್ಮ ಕಪ್ಪಾಗಿ ಗಡುಸಾಗುತ್ತದೆ, ತುರಿಕೆ ಬರುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಮಾಯದ ಹುಣ್ಣಾಗುತ್ತದೆ. ಅಂಥ ಹುಣ್ಣುಗಳಿಗೆ ದಿನವೂ ಡ್ರೆಸ್ಸಿಂಗ್ ಮಾಡುವವರ ಕಾಲಿನಲ್ಲೇ ಅದರ ಮೊದಲ ಹಂತ ಶುರುವಾಗಿರುತ್ತದೆ.

ಡೆನ್ಮಾರ್ಕ್‌ನಲ್ಲಿ ದುಡಿಯುವ ವಯಸ್ಸಿನ ಸಾವಿರಾರು ಜನರನ್ನು 12 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಹೆಚ್ಚಿನ ಹೊತ್ತು ನಿಂತು ಅಥವಾ ನಡೆದು ಕೆಲಸ ಮಾಡುವ ಮಹಿಳೆಯರು ಉಬ್ಬಿದ ಅಭಿಧಮನಿಗಳಿಗಾಗಿ ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಸುಮಾರು 1.8 ಪಟ್ಟು ಇತ್ತು, ಮತ್ತು ದುಡಿಯುವ ವಯಸ್ಸಿನವರಲ್ಲಿ ಹೀಗೆ ಆಸ್ಪತ್ರೆ ಸೇರಿದ ಪ್ರಕರಣಗಳಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚಿನದಕ್ಕೆ ನಿಂತು ಮಾಡುವ ಕೆಲಸವೇ ಕಾರಣ ಎಂದು ಸಂಶೋಧಕರು ಅಂದಾಜು ಮಾಡಿದರು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸುಮಾರು 7,300 ಉದ್ಯೋಗಿಗಳನ್ನು 12 ವರ್ಷ ಗಮನಿಸಿ 2018ರ ಹೊತ್ತಿಗೆ ಹೊರಬಂದ ಇನ್ನೊಂದು ಅಧ್ಯಯನ ಮತ್ತಷ್ಟು ಕಳವಳ ಹುಟ್ಟಿಸುತ್ತದೆ: ಹೆಚ್ಚಾಗಿ ನಿಂತು ಮಾಡುವ ಉದ್ಯೋಗಗಳಲ್ಲಿ ಇದ್ದವರಿಗೆ ಹೃದ್ರೋಗ ಬರುವ ಸಂಭವ, ಹೆಚ್ಚಾಗಿ ಕೂತು ಮಾಡುವ ಉದ್ಯೋಗದವರಿಗಿಂತ ಸರಿಸುಮಾರು ಎರಡು ಪಟ್ಟು ಕಂಡುಬಂತು. ಇದು ಆಸ್ಪತ್ರೆಯವರನ್ನು ಮಾತ್ರ ಕುರಿತ ಅಧ್ಯಯನವಲ್ಲ, ನಿಲ್ಲುವುದೊಂದೇ ಕಾರಣವೆಂದು ಅದು ಸಾಬೀತು ಮಾಡುವುದೂ ಇಲ್ಲ. ಆದರೂ ಕೂತು ಕೂತು ಹೃದಯ ಕೆಡುತ್ತದೆ ಎಂಬ ಎಚ್ಚರಿಕೆಯನ್ನು ಐಟಿ ಕಂಪನಿಗಳ ಈ ಊರು ಎಷ್ಟು ಆಸಕ್ತಿಯಿಂದ ಕೇಳಿಸಿಕೊಂಡಿದೆಯೋ ಅದರ ಕಾಲುಭಾಗ ಗಮನವಾದರೂ ಇದಕ್ಕೆ ಸಿಗಬೇಕಿತ್ತು. ಎತ್ತರ ಹೊಂದಿಸಿಕೊಳ್ಳುವ ಮೇಜು ತರಿಸಿಕೊಂಡು ನಿಂತು ಕೆಲಸ ಮಾಡುವ ಶೋಕಿ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿದ್ದರೆ, ಅದೇ ರಸ್ತೆಯ ಆಸ್ಪತ್ರೆಗಳಲ್ಲಿ ಒಂದು ಸ್ಟೂಲಿಗೆ ಕೊರತೆ.

ಬೆನ್ನು, ಮೊಣಕಾಲು, ಹಿಮ್ಮಡಿಗಳ ನೋವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಮ್ಮ ಮನೆಯಲ್ಲೋ ನೆಂಟರಲ್ಲೋ ನರ್ಸ್ ಒಬ್ಬರಿದ್ದರೆ ಅವರನ್ನು ಕೇಳಿದರೆ ಸಾಕು. ಆದರೆ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ನಡುನಡುವೆ ವಿರಾಮ ಕೊಟ್ಟು ಐದು ಗಂಟೆ ನಿಂತು ಕೆಲಸ ಮಾಡಿದವರ ಕಾಲಿನ ಸ್ನಾಯುಗಳನ್ನು ಅವರು ಅಳೆದರು. ಕೆಲಸ ಮುಗಿದು ಅರ್ಧ ಗಂಟೆ ಕೂತು ವಿಶ್ರಾಂತಿ ಪಡೆದ ಮೇಲೂ ಸ್ನಾಯುಗಳ ದಣಿವು ಹೋಗಿರಲಿಲ್ಲ. ಆದರೆ ಆ ಜನರಿಗೆ ಮಾತ್ರ ದಣಿವು ಕಳೆದಂತೆಯೇ ಅನಿಸಿತ್ತು. ವಯಸ್ಸಾದವರಲ್ಲೂ ಚಿಕ್ಕವರಲ್ಲೂ ಇದೇ ಆಯಿತು. ಪಾಳಿ ಮುಗಿಸಿದ ಇಪ್ಪತ್ತೆರಡರ ಹುಡುಗಿ ತನಗೇನೂ ಆಗಿಲ್ಲ ಎಂದು ನಗುತ್ತಾಳೆ ಎಂಬುದನ್ನೇ ಆಧಾರವಾಗಿಟ್ಟುಕೊಂಡು ಆಡಳಿತದವರು ತೊಂದರೆಯಿಲ್ಲ ಎನ್ನುವುದು ಎಷ್ಟು ಸರಿ ಎಂಬುದಕ್ಕೆ ಇದು ಉತ್ತರ.

ನರ್ಸ್‌ಗಳು ಓಡಾಡುತ್ತಲೇ ಇರುತ್ತಾರಲ್ಲ, ಒಂದೇ ಕಡೆ ನಿಲ್ಲುವುದಿಲ್ಲವಲ್ಲ ಎಂದು ಒಬ್ಬ ಆಡಳಿತಾಧಿಕಾರಿ ನನ್ನೊಡನೆ ವಾದಿಸಿದ್ದುಂಟು. ಅದರಲ್ಲಿ ಅರ್ಧ ಸತ್ಯವಿದೆ. ಉದ್ದುದ್ದ ವಾರ್ಡುಗಳ ಹಳೆಯ ಕಟ್ಟಡಗಳಲ್ಲಿ ನಡಿಗೆ ಹೆಚ್ಚು, ಮತ್ತು ನಡಿಗೆ ಕದಲದೆ ನಿಲ್ಲುವಷ್ಟು ಕೆಟ್ಟದ್ದಲ್ಲ. ಆದರೆ ವಾರ್ಡಿನ ಕೆಲಸವನ್ನು ಬಿಡಿಸಿ ನೋಡಿ. ಔಷಧದ ಟ್ರಾಲಿಯ ಮುಂದೆ ನಿಂತು ಡೋಸ್ ಹೊಂದಿಸುವುದು, ಹಾಸಿಗೆಯ ಪಕ್ಕ ನಿಂತು ಐವಿ ಹಾಕುವುದು, ರೌಂಡ್ಸ್‌ನಲ್ಲಿ ಡಾಕ್ಟರ ಹಿಂದೆ ಫೈಲು ಹಿಡಿದು ನಿಲ್ಲುವುದು, ಕೌಂಟರಿಗೆ ಒರಗಿ ಚಾರ್ಟ್ ಬರೆಯುವುದು, ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಡುವಾಗ ಒಂದೊಂದು ಹಾಸಿಗೆಯ ಮುಂದೆಯೂ ನಿಲ್ಲುವುದು. ನಡಿಗೆ ಇವುಗಳ ನಡುವಿನ ತುಂಡುಗಳು. ಇದರಲ್ಲಿ ಚಾರ್ಟ್ ಬರೆಯುವುದಕ್ಕೂ ಔಷಧ ಹೊಂದಿಸುವುದಕ್ಕೂ ನಿಲ್ಲಲೇಬೇಕೆಂಬ ವೈದ್ಯಕೀಯ ಕಾರಣ ಯಾವುದೂ ಇಲ್ಲ.

ನಿಜವಾಗಿ ಕದಲದೆ ನಿಲ್ಲುವವರು ಥಿಯೇಟರ್‌ನವರು. ಶಸ್ತ್ರಚಿಕಿತ್ಸಕರಿಗೆ ಉಪಕರಣ ಕೊಡುವ ಸ್ಕ್ರಬ್ ನರ್ಸ್ ಸ್ಟೆರೈಲ್ ಗೌನ್ ತೊಟ್ಟು ಟ್ರಾಲಿಯ ಪಕ್ಕ ನಿಂತರೆ ಕೇಸ್ ಮುಗಿಯುವವರೆಗೆ ಆಚೀಚೆ ಹೋಗುವಂತಿಲ್ಲ. ಕೊಯ್ದ ಜಾಗವನ್ನು ತೆರೆದಿಡುವ ರಿಟ್ರ್ಯಾಕ್ಟರ್ ಹಿಡಿದ ಪಿಜಿ ವಿದ್ಯಾರ್ಥಿ ಕೈಯನ್ನೂ ಕದಲಿಸುವಂತಿಲ್ಲ. ಕಾಲಿಗೆ ಎಲ್ಲರೂ ಹಂಚಿಕೊಳ್ಳುವ, ಯಾರ ಅಳತೆಗೂ ಸರಿಹೊಂದದ ಗಡುಸು ರಬ್ಬರ್ ಚಪ್ಪಲಿ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರ ಬಳಸುವಾಗ, ಕ್ಯಾಥ್‌ಲ್ಯಾಬ್‌ನಲ್ಲಿ ಆಂಜಿಯೋಪ್ಲಾಸ್ಟಿ ನಡೆಯುವಾಗ, ಇದರ ಮೇಲೆ ಹಲವು ಕಿಲೋ ತೂಗುವ ಸೀಸದ ಏಪ್ರನ್ ಹೆಗಲಿನಿಂದ ಜೋತುಬಿದ್ದಿರುತ್ತದೆ. ವಿಕಿರಣದಿಂದ ಕಾಪಾಡುವ ಅದೇ ಏಪ್ರನ್ ಬೆನ್ನುಮೂಳೆಯ ಮೇಲೆ ಹೊರೆಯಾಗುತ್ತದೆ ಎಂಬುದು ಹೃದ್ರೋಗ ತಜ್ಞರ ನಡುವೆ ಬಹಳ ಹಿಂದಿನಿಂದ ಚರ್ಚೆಯಲ್ಲಿರುವ ವಿಷಯ. ವ್ಯತ್ಯಾಸವೆಂದರೆ ತಜ್ಞರು ಬೆನ್ನುನೋವು ಬಂದರೆ ಕೇಸ್‌ಗಳನ್ನು ಕಡಿಮೆ ಮಾಡಿಕೊಳ್ಳಬಲ್ಲರು. ಟೆಕ್ನಿಷಿಯನ್‌ಗೆ ಆ ಆಯ್ಕೆ ಇಲ್ಲ.

ಇದಕ್ಕೆ ಮಿತಿ ಹಾಕುವುದು ಅಸಾಧ್ಯವೇನಲ್ಲ. ನೆದರ್ಲೆಂಡ್ಸ್‌ನಲ್ಲಿ ಬಳಕೆಯಲ್ಲಿರುವ ಮಾರ್ಗಸೂಚಿಯ ಪ್ರಕಾರ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು, ದಿನಕ್ಕೆ ಒಟ್ಟು ನಾಲ್ಕು ಗಂಟೆಗಿಂತ ಹೆಚ್ಚು ನಿಲ್ಲುವುದು ಅಪಾಯದ ವಲಯ. ಅಮೆರಿಕದ ಥಿಯೇಟರ್ ನರ್ಸ್‌ಗಳ ಸಂಘ ತನ್ನವರಿಗಾಗಿ ರೂಪಿಸಿದ ಸೂಚನೆ ಇನ್ನಷ್ಟು ನೇರ: ದಣಿವು ತಗ್ಗಿಸುವ ಏರ್ಪಾಡಿಲ್ಲದೆ ಸತತ ಎರಡು ಗಂಟೆಗಿಂತ ಹೆಚ್ಚು ನಿಲ್ಲಬಾರದು, ಸೀಸದ ಏಪ್ರನ್ ತೊಟ್ಟಿದ್ದರೆ ಒಂದೇ ಗಂಟೆ. ಶಸ್ತ್ರಚಿಕಿತ್ಸೆಯ ನಡುವೆ ಇಪ್ಪತ್ತರಿಂದ ನಲವತ್ತು ನಿಮಿಷಕ್ಕೊಮ್ಮೆ ಒಂದೂವರೆ ನಿಮಿಷ ಕೈಕಾಲು ಚಾಚುವ ಕಿರುವಿರಾಮವನ್ನು ಅಮೆರಿಕದ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸಕರ ನೋವು ತಗ್ಗಿತು, ಶಸ್ತ್ರಚಿಕಿತ್ಸೆಯ ಒಟ್ಟು ಅವಧಿ ಹೆಚ್ಚಾಗಲಿಲ್ಲ. ರೋಗಿಯ ಹಿತಕ್ಕೆ ಧಕ್ಕೆ ಬರುತ್ತದೆ ಎಂಬ ಆಕ್ಷೇಪ ಮೊದಲು ಬರುತ್ತದೆಂದು ಗೊತ್ತಿರುವುದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಇಷ್ಟು ಹೊತ್ತು ಹೇಳಿದ್ದು ಅನಿವಾರ್ಯವಾಗಿ ನಿಲ್ಲುವವರ ವಿಷಯ. ನನಗೆ ಇದಕ್ಕಿಂತ ಹೆಚ್ಚು ಸಂಕಟವಾಗುವುದು ಅನಿವಾರ್ಯವಲ್ಲದಿದ್ದರೂ ನಿಲ್ಲಿಸಲ್ಪಟ್ಟವರನ್ನು ಕಂಡಾಗ. ನಮ್ಮ ಅನೇಕ ಆಸ್ಪತ್ರೆಗಳಲ್ಲಿ ಡ್ಯೂಟಿಯಲ್ಲಿ ಕೂರಬಾರದು ಎಂಬ ನಿಯಮವಿದೆ. ಅದನ್ನು ಎಲ್ಲೂ ಬರೆದಿರುವುದಿಲ್ಲ, ಆದ್ದರಿಂದ ಪ್ರಶ್ನಿಸುವುದಕ್ಕೂ ಆಗುವುದಿಲ್ಲ. ಹೊಸದಾಗಿ ಸೇರಿದ ಹುಡುಗಿಗೆ ಮೊದಲ ವಾರದಲ್ಲೇ ಸೀನಿಯರ್‌ಗಳು ಕಿವಿಯಲ್ಲಿ ಹೇಳುತ್ತಾರೆ: ಸೂಪರಿಂಟೆಂಡೆಂಟ್ ಬರುವ ಹೊತ್ತಿಗೆ ಎದ್ದು ನಿಂತಿರಬೇಕು, ಸಿಸಿಟಿವಿಯಲ್ಲಿ ಕೂತದ್ದು ಕಾಣಿಸಿದರೆ ಕರೆಸುತ್ತಾರೆ. ನಾನು ದುಡಿದ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡಿನ ಕುರ್ಚಿಗಳನ್ನು ಒಂದು ದಿನ ಎಣಿಸಿ ತೆಗೆದುಕೊಂಡು ಹೋದರು. ಸಿಬ್ಬಂದಿ ಕೂರುತ್ತಾರೆ ಎಂಬುದೇ ಕಾರಣ. ರೋಗಿಯ ಕಡೆಯವರಿಗಿಟ್ಟ ಸ್ಟೂಲು ಮಾತ್ರ ಉಳಿಯಿತು, ಅದರಲ್ಲಿ ನಾವು ಕೂರುವಂತಿರಲಿಲ್ಲ. ಹೊಸ ಕಟ್ಟಡಗಳಲ್ಲಿ ಈ ನಿಯಮವನ್ನು ಬಾಯಲ್ಲಿ ಹೇಳುವ ಅಗತ್ಯವೂ ಇಲ್ಲ. ನರ್ಸಿಂಗ್ ಸ್ಟೇಷನ್ನನ್ನು ಹೋಟೆಲಿನ ರಿಸೆಪ್ಷನ್ ಎತ್ತರಕ್ಕೆ ಕಟ್ಟಿ, ಕಾಲಿಡಲು ಜಾಗವಿಲ್ಲದ ಹಾಗೆ ಕೆಳಗೆಲ್ಲ ಗ್ರಾನೈಟ್ ಮುಚ್ಚಿದರೆ ಕುರ್ಚಿ ತಂದಿಟ್ಟರೂ ಕೂರಲು ಬರುವುದಿಲ್ಲ. ಗೇಟಿನ ಕಾವಲುಗಾರರ ಪಾಡಂತೂ ಇನ್ನೂ ಕಷ್ಟ. ಅರವತ್ತು ದಾಟಿದವರು ಕೂಡ ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತಿರುತ್ತಾರೆ, ಕುರ್ಚಿಯಲ್ಲಿ ಕಂಡರೆ ಏಜೆನ್ಸಿಯವರು ಸಂಬಳ ಹಿಡಿಯುತ್ತಾರೆಂಬ ಹೆದರಿಕೆಯಲ್ಲಿ.

ನಿಂತವರು ಕೆಲಸಗಾರರು, ಕೂತವರು ಸೋಮಾರಿಗಳು ಎಂಬ ಈ ತಿಳಿವಳಿಕೆ ಆಡಳಿತದವರದ್ದು ಮಾತ್ರವಲ್ಲ. ಈ ಪತ್ರವನ್ನು ಓದುವ ಸಾರ್ವಜನಿಕರಲ್ಲೂ ಒಂದು ಮಾತು ಹೇಳಬೇಕಾಗಿದೆ. ರಾತ್ರಿ ಎರಡು ಗಂಟೆಗೆ ನರ್ಸ್ ಕೂತಿರುವುದನ್ನು ಮೊಬೈಲಿನಲ್ಲಿ ಚಿತ್ರಿಸಿ, ರೋಗಿಗಳು ನರಳುತ್ತಿದ್ದರೆ ಇವರು ಆರಾಮಾಗಿದ್ದಾರೆ ಎಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವವರಿದ್ದಾರೆ. ನಿರ್ಲಕ್ಷ್ಯ ನಡೆದರೆ ಖಂಡಿತ ದೂರು ಕೊಡಿ; ಕರೆದರೂ ಬಾರದ ನರ್ಸ್ ಬಗ್ಗೆ ನನಗೂ ಅನುಕಂಪವಿಲ್ಲ. ಆದರೆ ಕರೆದಾಗ ಎದ್ದು ಬರುವವರು ಕರೆಯದಿದ್ದಾಗ ಕೂತಿರುವುದು ನಿರ್ಲಕ್ಷ್ಯವಲ್ಲ. ಆ ಹೊತ್ತಿಗೆ ಆಕೆ ಬರೆಯುತ್ತಿರುವುದು ತಮ್ಮವರ ಚಾರ್ಟೇ ಇರಬಹುದು. ಅವಳ ದಿನ ಪಾಳಿಯೊಂದಿಗೆ ಶುರುವಾಗುವುದೂ ಇಲ್ಲ. ಕೆಂಗೇರಿಯಿಂದಲೋ ಯಲಹಂಕದಿಂದಲೋ ತುಂಬಿದ ಬಿಎಂಟಿಸಿ ಬಸ್ಸಿನಲ್ಲಿ ನಿಂತು ಬಂದು, ಪಾಳಿಯಲ್ಲಿ ನಿಂತು, ಮತ್ತೆ ಬಸ್ಸಿನಲ್ಲಿ ನಿಂತು ಮನೆ ಸೇರಿ, ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಲ್ಲುವವಳು ಅವಳು.

ಈಗ ಕಾನೂನಿನ ವಿಷಯ. ನಿಂತು ಕೆಲಸ ಮಾಡುವವರಿಗೆ ಆಸನ ಕೊಡಬೇಕೆಂಬುದು ನಾನು ಹೊಸದಾಗಿ ಹುಟ್ಟುಹಾಕಿದ ಬೇಡಿಕೆಯಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಸೆಕ್ಷನ್ ನಿಂತೇ ದುಡಿಯಬೇಕಾದ ಕಾರ್ಮಿಕರಿಗೆ, ಕೆಲಸದ ನಡುವೆ ಸಿಕ್ಕ ಬಿಡುವನ್ನು ಬಳಸಿಕೊಳ್ಳಲು ತಕ್ಕ ಆಸನ ವ್ಯವಸ್ಥೆ ಇರಬೇಕೆಂದು ಹೇಳಿತ್ತು. ಹಾಗಾಗಿ ಕಾರ್ಖಾನೆಯ ಲೇತ್ ಮುಂದಿನ ಕೆಲಸಗಾರನಿಗೆ ಏಳು ದಶಕಗಳ ಹಿಂದೆಯೇ ಕಾಗದದ ಮೇಲಾದರೂ ಇದ್ದ ಹಕ್ಕು ಆಸ್ಪತ್ರೆಯ ನರ್ಸ್‌ಗೆ ಇರಲಿಲ್ಲ, ಆಸ್ಪತ್ರೆ ಕಾರ್ಖಾನೆಯಲ್ಲವಲ್ಲ. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಮಹಿಳೆಯರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಕೂರುವ ಹಕ್ಕನ್ನು ಬರೆದಿಟ್ಟಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಕೇರಳದಿಂದ ಬಂದ ನರ್ಸ್‌ಗಳು ಎಷ್ಟು ಮಂದಿ ಎಂಬುದು ತಮಗೆ ಗೊತ್ತೇ ಇದೆ. ಊರಿನಲ್ಲಿ ಸೀರೆ ಅಂಗಡಿಯಲ್ಲಿರುವ ತಂಗಿಗೆ ಹೆಸರಿಟ್ಟು ಕೊಟ್ಟ ಹಕ್ಕನ್ನು ಇಲ್ಲಿ ಐಸಿಯುವಿನಲ್ಲಿರುವ ಅಕ್ಕ ಕೇಳಿಯೂ ಅರಿಯಳು.

ಇನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಈ ಸಂಹಿತೆಯ 24ನೇ ಸೆಕ್ಷನ್, ನಿಂತು ಕೆಲಸ ಮಾಡಬೇಕಾದವರಿಗೆ ಆಸನ ವ್ಯವಸ್ಥೆಯನ್ನು ಉದ್ಯೋಗದಾತರು ಒದಗಿಸಬೇಕಾದ ಕಲ್ಯಾಣ ಸೌಲಭ್ಯಗಳ ನಡುವೆ ಹೆಸರಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಇದು ಅನ್ವಯವಾಗುವುದರಿಂದ ಖಾಸಗಿ ಆಸ್ಪತ್ರೆಗಳು ಇನ್ನು ಮುಂದೆ ಕಾರ್ಖಾನೆಯಲ್ಲ ಎಂಬ ನೆಪ ಹೇಳುವಂತಿಲ್ಲ. ಆದರೆ ಅದೇ ಸಂಹಿತೆ ಸರ್ಕಾರಿ ಕಚೇರಿಗಳನ್ನು ಹೊರಗಿಡುತ್ತದೆ. ಸರ್ಕಾರಿ ಆಸ್ಪತ್ರೆಯೂ ಕಚೇರಿಯೇ ಎಂದು ನಾಳೆ ಯಾರಾದರೂ ಟಿಪ್ಪಣಿ ಬರೆಯುವ ಮುನ್ನ, ಆ ಹೊರಗಿಡುವಿಕೆ ತನ್ನ ಆಸ್ಪತ್ರೆಗಳ ಸಿಬ್ಬಂದಿಗೆ ಅನ್ವಯಿಸದು ಎಂದು ರಾಜ್ಯವೇ ಸ್ಪಷ್ಟಪಡಿಸಬೇಕು. ಖಾಸಗಿಯವರಿಂದ ಬಯಸುವುದನ್ನು ಸರ್ಕಾರ ತಾನು ಮಾಡದಿದ್ದರೆ ತಪಾಸಣೆಗೆ ಹೋದ ಅಧಿಕಾರಿಯ ಮಾತಿಗೆ ಬೆಲೆ ಇರುವುದಿಲ್ಲ.

ಗರ್ಭಿಣಿಯರ ವಿಷಯದಲ್ಲಿ ಕಾನೂನು ಇನ್ನೂ ಮೊದಲೇ ಕಣ್ಣು ತೆರೆದಿತ್ತು. 1961ರ ಮಾತೃತ್ವ ಸೌಲಭ್ಯ ಕಾಯ್ದೆಯ 4ನೇ ಸೆಕ್ಷನ್, ಗರ್ಭಿಣಿ ಕೋರಿದರೆ ಶ್ರಮದ ಕೆಲಸವನ್ನಾಗಲಿ ದೀರ್ಘಕಾಲ ನಿಲ್ಲಬೇಕಾದ ಕೆಲಸವನ್ನಾಗಲಿ ಆಕೆಗೆ ಕೊಡಬಾರದೆಂದು ಹೇಳಿತ್ತು. ಆ ಮಾತು 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿದೆ. ಅಂದರೆ ದೀರ್ಘಕಾಲ ನಿಲ್ಲುವುದು ಹಾನಿಕರ ಎಂಬುದನ್ನು ನಮ್ಮ ಸಂಸತ್ತು ಅರವತ್ತು ವರ್ಷಗಳ ಹಿಂದೆಯೇ ಒಪ್ಪಿದೆ. ತೊಂದರೆ ಎರಡು ಕಡೆ. ಈ ರಕ್ಷಣೆ ಮುಖ್ಯವಾಗಿ ಹೆರಿಗೆಗೆ ಆರು ವಾರ ಮುಂಚಿನ ಅವಧಿಗೂ ಅದರ ಹಿಂದಿನ ಒಂದು ತಿಂಗಳಿಗೂ ಸೀಮಿತ. ಮತ್ತು ಆಕೆಯೇ ಕೋರಬೇಕು. ಗುತ್ತಿಗೆಯ ನರ್ಸ್ ತಾನಾಗಿ ಕೋರಿ ಬರೆದುಕೊಟ್ಟರೆ ಮುಂದಿನ ನವೀಕರಣದ ಹೊತ್ತಿಗೆ ಏನಾಗುತ್ತದೆ ಎಂದು ಆಕೆಗೂ ಗೊತ್ತು, ಕೊಡಬೇಕಾದವರಿಗೂ ಗೊತ್ತು. ಗರ್ಭಿಣಿ ಎಂದು ತಿಳಿಸಿದ ದಿನದಿಂದಲೇ, ಕೋರಿಕೆಗೆ ಕಾಯದೆ, ಆಕೆಯ ಪಾಳಿಯಲ್ಲಿ ಕೂರುವ ಕೆಲಸಗಳನ್ನು ಹೆಚ್ಚಿಸುವಂತೆ ಆಸ್ಪತ್ರೆಗಳಿಗೆ ಸೂಚಿಸಲು ಹೊಸ ಕಾಯ್ದೆ ಬೇಕಾಗಿಲ್ಲ.

ಉದ್ಯೋಗದಿಂದ ಬರುವ ಕಾಯಿಲೆಗಳ ಪರಿಹಾರದ ಪಟ್ಟಿಯನ್ನೂ ನೋಡಬೇಕು. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಆರೋಗ್ಯ ಸೇವೆಯಲ್ಲಿರುವವರಿಗೆ ತಗಲುವ ಸೋಂಕುಗಳಿದ್ದವು, ಸೀಸದ ವಿಷವಿತ್ತು, ಗದ್ದಲದಿಂದ ಬರುವ ಕಿವುಡುತನವಿತ್ತು. ಉಬ್ಬಿದ ಅಭಿಧಮನಿ ಇರಲಿಲ್ಲ. ರೋಗಿಯಿಂದ ನರ್ಸ್‌ಗೆ ದಾಟುವ ಕಾಯಿಲೆಯನ್ನು ಗುರುತಿಸಿದವರು ಪಾಳಿಯಿಂದ ಬರುವ ಕಾಯಿಲೆಯನ್ನು ಗುರುತಿಸಲಿಲ್ಲ. ಇದನ್ನು ಸೇರಿಸುವಂತೆ ಕಾರ್ಮಿಕ ಸಚಿವರು ಕೇಂದ್ರಕ್ಕೆ ಒಂದು ಶಿಫಾರಸು ಪತ್ರ ಬರೆಯಬಹುದಲ್ಲ.

ಹಣದ ಮಾತು ಬಂದೇ ಬರುತ್ತದೆ. ಸ್ಟೂಲು, ಅರೆನಿಂತು ಒರಗುವ ಎತ್ತರದ ಆಸನ, ಥಿಯೇಟರ್‌ನಲ್ಲಿ ಕಾಲಡಿಗೆ ಹಾಸುವ ಮೆತ್ತನೆಯ ಮ್ಯಾಟ್, ಒಂದು ಕಾಲನ್ನು ಎತ್ತರಿಸಿ ಇಡಲು ಪುಟ್ಟ ಮಣೆ, ವೈದ್ಯರು ಪರೀಕ್ಷಿಸಿ ಸೂಚಿಸಿದವರಿಗೆ ಬಿಗಿ ಕಾಲುಚೀಲ: ಇವುಗಳಲ್ಲಿ ಯಾವುದೂ ಆಸ್ಪತ್ರೆಯೊಂದರ ಖರೀದಿ ಪಟ್ಟಿಯಲ್ಲಿ ಭಾರೀ ಬಾಬತ್ತಲ್ಲ. ಕಾಲುಚೀಲದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಅದು ಬಾವನ್ನೂ ಕಾಲು ಭಾರವನ್ನೂ ತಗ್ಗಿಸುತ್ತದೆ, ಆದರೆ ಹೃದಯದಿಂದ ಕಾಲಿಗೆ ರಕ್ತ ತರುವ ಅಪಧಮನಿಯಲ್ಲಿ ರಕ್ತ ಸಂಚಾರ ತೀರಾ ಕಡಿಮೆ ಇರುವವರಿಗೆ ಅಪಾಯ. ಎಲ್ಲರಿಗೂ ಒಂದೇ ಅಳತೆಯದನ್ನು ಟೆಂಡರ್ ಕರೆದು ಹಂಚಿ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮವಾಗಿ ಇದು ಮುಗಿಯಬಾರದು.

ನಿಜವಾದ ಖರ್ಚು ಬೇರೆ ಕಡೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕುರ್ಚಿ ಇದ್ದರೂ ಕೂರಲು ಹೊತ್ತಿಲ್ಲದಿದ್ದರೆ ಏನು ಪ್ರಯೋಜನ? ಬೋಧಕ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬರು, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ ಐದು ಹಾಸಿಗೆಗೆ ಒಬ್ಬರು, ಇದರ ಮೇಲೆ ರಜೆಯ ಬದಲಿಗೆ ಶೇ 30ರಷ್ಟು ಹೆಚ್ಚುವರಿ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಹಳೆಯ ಮಾನದಂಡ. ರಾತ್ರಿ ಪಾಳಿಯಲ್ಲಿ ಒಬ್ಬಳೇ ನರ್ಸ್ ಇಡೀ ವಾರ್ಡನ್ನು ನೋಡಿಕೊಳ್ಳುವುದನ್ನು ಕಂಡವರಿಗೆ ಈ ಅಂಕಿಗಳನ್ನು ಓದಿದರೆ ನಗು ಬರಬಹುದು. ಥಿಯೇಟರ್‌ನಲ್ಲಿ ಎರಡು ಗಂಟೆಗೊಮ್ಮೆ ಸ್ಕ್ರಬ್ ನರ್ಸನ್ನು ಬಿಡಿಸಲು ಇನ್ನೊಬ್ಬ ನರ್ಸ್ ಬೇಕು. ಖಾಲಿ ಹುದ್ದೆಗಳನ್ನು ತುಂಬುವುದಕ್ಕೆ ಹಣ ಬೇಕು, ವರ್ಷಗಳು ಬೇಕು. ಆದರೆ ಅದಾಗುವವರೆಗೆ ಕುರ್ಚಿಯ ವಿಷಯವನ್ನೂ ತಡೆಹಿಡಿಯಬೇಕೆಂಬುದು ತರ್ಕವಲ್ಲ. ಹುದ್ದೆ ತುಂಬುವುದು ಕಷ್ಟ, ಕೂರಬಾರದೆಂಬ ಬಾಯಿಮಾತಿನ ನಿಯಮವನ್ನು ರದ್ದು ಮಾಡುವುದಕ್ಕೆ ಒಂದು ರೂಪಾಯಿಯೂ ಬೇಡ.

ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ನಡೆದ ಘೋರ ಕೃತ್ಯದ ನಂತರ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರಚಿಸಿದ ರಾಷ್ಟ್ರೀಯ ಕಾರ್ಯಪಡೆಯ ಪರಿಶೀಲನೆಗೆ ಒಪ್ಪಿಸಿದ ವಿಷಯಗಳಲ್ಲಿ ವೈದ್ಯರು ಮತ್ತು ನರ್ಸ್‌ಗಳಿಗೆ ಪ್ರತ್ಯೇಕ ವಿಶ್ರಾಂತಿ ಕೊಠಡಿಗಳೂ ಇದ್ದವು. ಆ ವಿಷಯ ಭದ್ರತೆಗೆ ಸಂಬಂಧಿಸಿದ್ದು, ಅದರ ಗಾಂಭೀರ್ಯವೇ ಬೇರೆ. ಇಲ್ಲಿ ನಾನು ಅದನ್ನು ನೆನೆಯುವುದು ಒಂದೇ ಕಾರಣಕ್ಕೆ: ವಿಶ್ರಾಂತಿ ಕೊಠಡಿ ಕಟ್ಟಿಸಿದರೆ ಕೂರುವ ವಿಷಯ ಮುಗಿಯಿತು ಎಂದು ತಿಳಿಯಬಾರದು. ಮೂರನೇ ಮಹಡಿಯ ನರ್ಸ್‌ಗೆ ನೆಲಮಹಡಿಯ ವಿಶ್ರಾಂತಿ ಕೊಠಡಿ ಊಟದ ಹೊತ್ತಿಗೆ ಮಾತ್ರ ಸಿಗುತ್ತದೆ. ಉಳಿದ ಗಂಟೆಗಳಲ್ಲಿ ರೋಗಿಗಳು ಕಣ್ಣಿಗೆ ಕಾಣುವ ಜಾಗದಲ್ಲೇ ಅವಳಿಗೆ ಆಸನ ಬೇಕು.

ಹಾಗಾದರೆ ಮಾಡಬೇಕಾದ್ದು ಏನು ಎಂಬುದನ್ನು ಇಲಾಖಾವಾರು ಹೇಳುತ್ತೇನೆ. ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಇಲಾಖೆಗಳು ಜಂಟಿಯಾಗಿ ಒಂದು ಸುತ್ತೋಲೆ ಹೊರಡಿಸಲಿ. ದಾಖಲೆ ಬರೆಯುವುದು, ಔಷಧ ಹೊಂದಿಸುವುದು, ಮಾನಿಟರ್ ನೋಡುವುದು, ಹ್ಯಾಂಡೋವರ್, ಔಷಧ ವಿತರಣೆ, ಗೇಟಿನ ಕಾವಲು ಇವುಗಳನ್ನು ಕೂತು ಮಾಡಬಹುದು, ಕೂತ ಕಾರಣಕ್ಕೆ ಯಾರಿಗೂ ಮೆಮೊ ಕೊಡುವಂತಿಲ್ಲ ಎಂಬ ಮಾತು ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಇರಲಿ. ಹೊರಗುತ್ತಿಗೆ ಸಿಬ್ಬಂದಿಗೂ ಇದು ಅನ್ವಯವೆಂದು ಹೆಸರಿಸಿಯೇ ಬರೆಯಲಿ, ಏಕೆಂದರೆ ಬರೆಯದಿದ್ದರೆ ಮೊದಲು ಬಿಟ್ಟುಹೋಗುವವರು ಅವರು. ಥಿಯೇಟರ್ ಮತ್ತು ಕ್ಯಾಥ್‌ಲ್ಯಾಬ್‌ಗಳಿಗೆ ಸತತ ನಿಲ್ಲುವ ಮಿತಿಯನ್ನು, ಕನಿಷ್ಠ ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳ ಮಟ್ಟಿಗೆ, ಗೊತ್ತುಪಡಿಸಲಿ. ತುರ್ತು ಚಿಕಿತ್ಸೆಯಲ್ಲಿ ಗಡಿಯಾರ ನೋಡಿ ಎಂದು ಯಾರೂ ಕೇಳುತ್ತಿಲ್ಲ. ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ನವೀಕರಣ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನಡೆಯುತ್ತದೆ. ಹಾಸಿಗೆಗಳ ನಡುವಿನ ಅಂತರವನ್ನು, ಶೌಚಾಲಯಗಳನ್ನು ನೋಡುವ ತಪಾಸಣೆಯ ನಮೂನೆಯಲ್ಲಿ ಸಿಬ್ಬಂದಿಯ ಆಸನಕ್ಕೂ ಒಂದು ಕಲಂ ಇರಲಿ. ಹೊಸ ಕಟ್ಟಡದ ನಕ್ಷೆಯಲ್ಲಿ ನರ್ಸಿಂಗ್ ಸ್ಟೇಷನ್‌ನ ಎತ್ತರ ಮತ್ತು ಕಾಲಿಡುವ ಜಾಗವನ್ನೂ ಆಗಲೇ ನೋಡಿಬಿಟ್ಟರೆ ಮುಂದೆ ಗ್ರಾನೈಟ್ ಒಡೆಯುವ ಕೆಲಸ ತಪ್ಪುತ್ತದೆ.

ಕಾರ್ಮಿಕ ಇಲಾಖೆ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ 24ನೇ ಸೆಕ್ಷನ್ನಿನ ಅರ್ಥದಲ್ಲಿ ಆಸ್ಪತ್ರೆಗಳಿಗೆ ಏನು ಅನ್ವಯ ಎಂಬುದನ್ನು ಕನ್ನಡದಲ್ಲಿ ಒಂದು ಪುಟದ ಸೂಚನೆಯಾಗಿ ಪ್ರಕಟಿಸಿ, ಪ್ರತಿ ಆಸ್ಪತ್ರೆಯ ಸಿಬ್ಬಂದಿ ಫಲಕದಲ್ಲಿ ಹಾಕಿಸಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ನೂರಾರು ನರ್ಸಿಂಗ್ ಕಾಲೇಜುಗಳಿವೆ, ಪ್ರತಿ ವರ್ಷ ಎಂ.ಎಸ್ಸಿ ವಿದ್ಯಾರ್ಥಿಗಳು ವಿಷಯ ಹುಡುಕುತ್ತಿರುತ್ತಾರೆ. ಬೆಂಗಳೂರಿನ ಆಸ್ಪತ್ರೆ ಸಿಬ್ಬಂದಿಯ ಕಾಲು ಮತ್ತು ಬೆನ್ನಿನ ಸ್ಥಿತಿಯ ಬಗ್ಗೆ ಅವರಿಂದಲೇ, ಒಂದೇ ನಮೂನೆಯಲ್ಲಿ, ಸಮೀಕ್ಷೆ ಮಾಡಿಸಿದರೆ ಡೆನ್ಮಾರ್ಕ್‌ನ ಅಂಕಿಗಳನ್ನು ಹಿಡಿದು ನಾನು ವಾದಿಸಬೇಕಾದ ಪ್ರಸಂಗ ಮುಂದೆ ಬರುವುದಿಲ್ಲ. ಸಿಬ್ಬಂದಿಗೆ ವರ್ಷಕ್ಕೊಮ್ಮೆ ಮಾಡುವ ಆರೋಗ್ಯ ತಪಾಸಣೆಯಲ್ಲಿ ರಕ್ತದೊತ್ತಡ, ಸಕ್ಕರೆಯ ಜೊತೆಗೆ ಕಾಲನ್ನೂ ನೋಡಬೇಕು. ಸೀರೆಯ ನೆರಿಗೆಯೋ ಪ್ಯಾಂಟೋ ಮುಚ್ಚಿರುವುದರಿಂದ ಯಾರೂ ನೋಡದ ಅಂಗ ಅದು.

ಇವೆಲ್ಲವನ್ನೂ ಒಟ್ಟಿಗೆ ಮಾಡಲಾಗದಿದ್ದರೆ ಸುತ್ತೋಲೆಯೊಂದನ್ನು ಮೊದಲು ಹೊರಡಿಸಿ. ಅದಕ್ಕೆ ಸಂಪುಟದ ಒಪ್ಪಿಗೆ ಬೇಡ, ಬಜೆಟ್ ಬೇಡ, ಟೆಂಡರ್ ಬೇಡ. ಇಬ್ಬರು ಪ್ರಧಾನ ಕಾರ್ಯದರ್ಶಿಗಳ ಸಹಿ ಸಾಕು. ಹೊರಡಿಸಿದ ಮೇಲೆ ಅದರ ನಕಲು ಪ್ರತಿ ವಾರ್ಡಿನ ಸೂಚನಾ ಫಲಕಕ್ಕೆ ತಲುಪಿದೆಯೇ ಎಂದು ಒಂದು ತಿಂಗಳ ಬಳಿಕ ಯಾರಾದರೂ ಹೋಗಿ ನೋಡಬೇಕು. ಮುನ್ಸೂಚನೆ ಕೊಡದೆ, ಮಧ್ಯಾಹ್ನದ ಪಾಳಿಯ ಹೊತ್ತಿಗೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಣಾಧಿಕಾರಿ
ಬೆಂಗಳೂರು